ನಾಯಿಯ ತುರಿಕೆ: ಹಚ್ಚುವ ಮೊದಲು ತಿಳಿಯಬೇಕಾದದ್ದು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಯಾವುದೂ ಸರಿಯಾಗಿ ಒಣಗುವುದಿಲ್ಲ. ನಾಯಿಯೂ ಅಷ್ಟೆ. ಹಗಲು ಮಂಗ ಓಡಿಸಬೇಕು, ರಾತ್ರಿ ಹಂದಿಗೆ ಬೊಗಳಬೇಕು, ನಡುವೆ ಸಿಕ್ಕಿದಷ್ಟು ಹೊತ್ತು ಜಗಲಿಯ ಮೂಲೆಯ ಒದ್ದೆ ಗೋಣಿಯ ಮೇಲೆ ಮುದುಡಬೇಕು. ಆಗಸ್ಟ್ ಹೊತ್ತಿಗೆ ಅದಕ್ಕೆ ನಿದ್ದೆಯೂ ಇಲ್ಲ. ಕಿವಿ ಕೆರೆಯುತ್ತದೆ, ಪಾದ ನೆಕ್ಕುತ್ತದೆ, ಬಾಲದ ಬುಡವನ್ನು ಕಚ್ಚಿ ಕಚ್ಚಿ ರಕ್ತ ಬರಿಸಿಕೊಳ್ಳುತ್ತದೆ. ಮನೆಯವರು ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾರೆ. ನಾಲ್ಕು ದಿನ ಕಡಿಮೆಯಾದಂತೆ ಕಾಣುತ್ತದೆ, ಮತ್ತೆ ಶುರು. “ಎಷ್ಟು ಮದ್ದು ಮಾಡಿದ್ರೂ ಇದರ ತುರಿಕೆ ಹೋಗುವುದೇ ಇಲ್ಲ ಮಾರಾಯ್ರೆ” ಎಂಬ ಮಾತು ಇಲ್ಲಿ ಮಳೆಗಾಲದುದ್ದಕ್ಕೂ ಕೇಳುತ್ತದೆ.

ಹೋಗದಿರಲು ಕಾರಣವಿದೆ. ತುರಿಕೆ ಎನ್ನುವುದು ಲಕ್ಷಣ. ಅದರ ಹಿಂದೆ ಚಿಗಟ ಇರಬಹುದು, ಚರ್ಮ ಕೊರೆಯುವ ನುಸಿ ಇರಬಹುದು, ಯೀಸ್ಟ್, ಬ್ಯಾಕ್ಟೀರಿಯಾ, ಅಲರ್ಜಿ ಏನೂ ಇರಬಹುದು. ನಮ್ಮ ಹವೆಯಲ್ಲಿ ಇವು ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ: ಅಲರ್ಜಿಯಿಂದ ಕೆರೆದ ಚರ್ಮ ಒಡೆಯುತ್ತದೆ, ಒಡೆದಲ್ಲಿ ಬ್ಯಾಕ್ಟೀರಿಯಾ ಕೂರುತ್ತದೆ, ತೇವ ನಿಂತಲ್ಲಿ ಯೀಸ್ಟ್ ಹೆಚ್ಚುತ್ತದೆ, ಅದರಿಂದ ತುರಿಕೆ ಇಮ್ಮಡಿಯಾಗುತ್ತದೆ. ಮೊದಲು ಬಂದದ್ದು ಯಾವುದೆಂದು ಹುಡುಕದೆ ಹಚ್ಚಿದ ಮದ್ದು ಬಹಳ ಸಲ ಕಷ್ಟವನ್ನೇ ಹೆಚ್ಚಿಸಿದೆ. ಹಾಗಾಗಿ ನಮ್ಮ ನಡುವೆ ಗಟ್ಟಿಯಾಗಿ ನೆಲೆನಿಂತ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು.

“ಕೂದಲು ಉದುರಿತಾ? ಹಾಗಾದರೆ ಕಜ್ಜಿಯೇ”

ಎಲ್ಲ ಕೂದಲು ಉದುರುವಿಕೆಗೂ ಕಜ್ಜಿ ಎಂಬ ಒಂದೇ ಹೆಸರು ಕೊಡುವುದರಿಂದಲೇ ಅರ್ಧ ತಪ್ಪು ಶುರುವಾಗುತ್ತದೆ. ಮೈಯ ಯಾವ ಜಾಗದಲ್ಲಿ ಶುರುವಾಯಿತು ಎಂಬುದನ್ನು ಗಮನಿಸಿದರೆ ನಾಯಿಯೇ ಬಹಳಷ್ಟು ಹೇಳಿಬಿಡುತ್ತದೆ.

ನಿಜವಾದ ತುರಿಕಜ್ಜಿಗೆ ಕಾರಣ ಸಾರ್ಕಾಪ್ಟಿಸ್ ಎಂಬ ಕಣ್ಣಿಗೆ ಕಾಣದ ನುಸಿ. ಅದು ಚರ್ಮದ ಒಳಗೆ ಬಿಲ ಕೊರೆಯುತ್ತದೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಅಡಿ ಅದರ ಇಷ್ಟದ ಜಾಗಗಳು. ನಾಯಿಯ ಕಿವಿಯ ಅಂಚನ್ನು ಬೆರಳಿನ ನಡುವೆ ಹಿಡಿದು ಮೆಲ್ಲನೆ ಉಜ್ಜಿದರೆ ಹಿಂಗಾಲು ತಾನಾಗಿಯೇ ಕೆರೆಯಲು ಏಳುತ್ತದೆ. ವೈದ್ಯರು ಇದನ್ನೊಂದು ಸುಳಿವಾಗಿ ಬಳಸುತ್ತಾರೆ. ನಾಯಿಯನ್ನು ಎತ್ತಿಕೊಂಡವರ ಕೈ, ಹೊಟ್ಟೆಯ ಮೇಲೂ ಕೆಂಪು ಗುಳ್ಳೆ ಏಳಬಹುದು. ನಾಯಿಯ ನುಸಿ ಮನುಷ್ಯರ ಮೈಯಲ್ಲಿ ಸಂಸಾರ ಹೂಡಲಾರದು, ನಾಯಿಗೆ ಸರಿಯಾದ ಚಿಕಿತ್ಸೆ ಆದ ಮೇಲೆ ಮನೆಯವರ ತುರಿಕೆ ಸಾಮಾನ್ಯವಾಗಿ ಅಡಗುತ್ತದೆ. ಅಡಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು.

ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿಯ ಕಥೆಯೇ ಬೇರೆ. ಅದು ಕೂದಲಿನ ಬುಡದಲ್ಲಿ ಇರುತ್ತದೆ, ಆರೋಗ್ಯವಂತ ನಾಯಿಯಲ್ಲೂ ಸ್ವಲ್ಪ ಇರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದ ಮರಿಗೆ ಬರುವ ಈ ನುಸಿ ಆಮೇಲೆ ಪಕ್ಕದ ನಾಯಿಗೆ ಹರಡುವುದಿಲ್ಲ, ಮನುಷ್ಯರಿಗೂ ಬರುವುದಿಲ್ಲ. ಮರಿಯ ಮುಖದಲ್ಲಿ, ಮುಂಗಾಲಿನಲ್ಲಿ ಒಂದೆರಡು ಕಡೆ ಮಾತ್ರ ಕೂದಲು ಹೋಗಿದ್ದರೆ ಬಹಳ ಸಲ ತಾನಾಗಿ ವಾಸಿಯಾಗುತ್ತದೆ. ದೊಡ್ಡ ನಾಯಿಗೆ ಮೈಯೆಲ್ಲ ಬಂದರೆ ಒಳಗೆ ಬೇರೇನೋ ಕಾಯಿಲೆ ಅದರ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದೆಯೇ ಎಂದು ನೋಡಬೇಕಾಗುತ್ತದೆ. ಇಂಥ ಮರಿಯನ್ನು “ಕಜ್ಜಿ ಮರಿ, ಮಕ್ಕಳಿಗೆ ಹರಡುತ್ತದೆ” ಎಂದು ರಸ್ತೆ ಬದಿ ಬಿಟ್ಟು ಬರುವವರಿದ್ದಾರೆ. ನಿಜಕ್ಕೂ ಮಕ್ಕಳಿಗೆ ಹರಡಬಲ್ಲದ್ದು ಗಜಕರ್ಣ. ಅದರಲ್ಲಿ ದುಂಡಗೆ ಕೂದಲು ಹೋಗುತ್ತದೆ, ನಾಯಿಗೆ ತುರಿಕೆ ಕಡಿಮೆ ಇರುವುದರಿಂದ ಯಾರೂ ಗಮನ ಕೊಡುವುದಿಲ್ಲ.

ಬಾಲದ ಬುಡ ಮತ್ತು ತೊಡೆಯ ಹಿಂಭಾಗ ಕೆರೆದರೆ ಚಿಗಟದ ಅಲರ್ಜಿಯ ಸಂಶಯ ಮೊದಲು ಬರಬೇಕು. ಪಾದ, ಕಂಕುಳು, ಮುಖ, ಕಿವಿಯ ಒಳಭಾಗ ಕೆಂಪಾಗಿ, ಆರು ತಿಂಗಳಿಂದ ಮೂರು ವರ್ಷದ ಪ್ರಾಯದೊಳಗೆ ಶುರುವಾಗಿದ್ದರೆ ಧೂಳುನುಸಿ, ಪರಾಗ, ಬೂಷ್ಟು ಇಂಥವುಗಳ ಅಲರ್ಜಿ ಇರಬಹುದು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪಗ್ ತಳಿಗಳಲ್ಲಿ ಇದು ಹೆಚ್ಚು. ಚರ್ಮ ಕಪ್ಪಾಗಿ ದಪ್ಪಗಾಗಿ, ಜಿಡ್ಡು ಜಿಡ್ಡಾಗಿ, ಹಳಸಿದ ವಾಸನೆ ಬಂದರೆ ಮಲಸೀಜಿಯಾ ಎಂಬ ಯೀಸ್ಟ್ ಸೇರಿಕೊಂಡಿದೆ ಎಂದು ತಿಳಿಯಬಹುದು.

ಇವನ್ನೆಲ್ಲ ಕಣ್ಣಳತೆಯಲ್ಲೇ ಬಿಡಬೇಕಾಗಿಲ್ಲ. ಬ್ಲೇಡಿನಿಂದ ಚರ್ಮವನ್ನು ಸ್ವಲ್ಪ ಕೆರೆದು, ಇಲ್ಲವೇ ಅಂಟುಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸಣ್ಣ ಪರೀಕ್ಷೆ. ಸಾರ್ಕಾಪ್ಟಿಸ್ ಮಾತ್ರ ಕೆರೆದರೂ ಎಷ್ಟೋ ಸಲ ಸಿಗುವುದಿಲ್ಲ, ಆಗ ವೈದ್ಯರು ಚಿಕಿತ್ಸೆ ಕೊಟ್ಟು ನೋಡುತ್ತಾರೆ. “ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು, ಆದರೂ ಮದ್ದು ಕೊಟ್ಟರು” ಎಂದು ಬೇಸರಪಡಬೇಕಾದ್ದಿಲ್ಲ.

“ಚಿಗಟ ಕಾಣುವುದಿಲ್ಲ, ಹಾಗಾಗಿ ಇಲ್ಲ”

ಅಲರ್ಜಿ ಇರುವ ನಾಯಿಗೆ ಕೆಲವೇ ಚಿಗಟಗಳ ಕಡಿತ ಸಾಕು. ಅದು ಕಚ್ಚಿ, ನೆಕ್ಕಿ ಚಿಗಟವನ್ನು ನುಂಗಿಯೂ ಬಿಟ್ಟಿರುತ್ತದೆ; ನೀವು ಹುಡುಕುವಾಗ ಸಿಗುವುದಿಲ್ಲ. ಕೂದಲಿನ ನಡುವೆ ಕಾಣುವ ಕರಿ ಹುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ. ಸುತ್ತ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ನಾಯಿಯ ಮೈಮೇಲಿರುವ ಚಿಗಟಗಳು ಒಟ್ಟು ಸಂಸಾರದ ನೂರರಲ್ಲಿ ಐದರಷ್ಟು ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳ, ಗೂಡುಗಳ ರೂಪದಲ್ಲಿ ನೆಲದಲ್ಲಿ, ಗೋಣಿಯಲ್ಲಿ, ಸೌದೆ ಕೊಟ್ಟಿಗೆಯ ಹುಡಿಮಣ್ಣಿನಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ ನಲವತ್ತು ಐವತ್ತು ಮೊಟ್ಟೆಯವರೆಗೂ ಇಡಬಲ್ಲದು, ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೀಗಿರುವಾಗ ನಾಯಿಗೆ ಒಂದು ಸಲ ಪೌಡರ್ ಹಾಕಿ, ಮತ್ತೆ ಅದೇ ಗೋಣಿಯಲ್ಲಿ ಮಲಗಿಸಿದರೆ ಏನು ಫಲ? ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ, ಸಾಧ್ಯವಾದರೆ ಸುಟ್ಟು ಹೊಸದು ಹಾಕಿ. ಮನೆಯಲ್ಲಿ ಎರಡನೆಯ ನಾಯಿ, ಬೆಕ್ಕು ಇದ್ದರೆ ಅವಕ್ಕೂ ಅವವಕ್ಕೆ ತಕ್ಕ ಔಷಧ ಬೇಕು. ಇದನ್ನು ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಬೇಕು.

ಉಣುಗಿನ ವಿಷಯದಲ್ಲಿ ನಮ್ಮ ಊರಿನ ಒಂದು ವಿಶೇಷ ತೊಂದರೆಯಿದೆ: ಮುರಕಲ್ಲು. ಸಾರಣೆ ಮಾಡದ ಮುರಕಲ್ಲಿನ ಗೋಡೆಯ ತೂತುಗಳು ಕಂದು ನಾಯಿ ಉಣುಗಿಗೆ ಹೇಳಿ ಮಾಡಿಸಿದ ಮನೆ. ಅದು ರಕ್ತ ಕುಡಿದು ನಾಯಿಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ದಿನಾ ಸಂಜೆ ಕೂತು ಉಣುಗು ಹೆಕ್ಕಿ ಬೆಂಕಿಗೆ ಹಾಕುವವರ ಶ್ರದ್ಧೆ ದೊಡ್ಡದು, ಆದರೆ ಗೋಡೆ ಹಾಗೇ ಇದ್ದರೆ ಅದು ಮುಗಿಯದ ಕೆಲಸ. ನಾಯಿಗೂಡಿನ ಒಳಗೋಡೆಗೆ ಸಾರಣೆ ಮಾಡಿಸಿ, ಸಂದುಗಳನ್ನು ಮುಚ್ಚಿಸಿ. ತುರಿಕೆಗಿಂತ ಉಣುಗು ತರುವ ಜ್ವರ ಹೆಚ್ಚು ಅಪಾಯದ್ದು. ನಾಯಿ ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

“ಹಳೇ ಆಯಿಲ್ ಹಚ್ಚಿ, ಎಲ್ಲ ಹೋಗುತ್ತದೆ”

ನನಗೆ ಹೆಚ್ಚು ಸಂಕಟ ಕೊಡುವ ನಂಬಿಕೆ ಇದು. ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲನ್ನು ನಾಯಿಗೆ ಮೆತ್ತುವುದು ಇಂದಿಗೂ ನಿಂತಿಲ್ಲ. ಉಸಿರುಗಟ್ಟಿ ನುಸಿ ಸಾಯುತ್ತದೆ ಎಂಬುದು ಅದರ ಹಿಂದಿನ ತರ್ಕ. ಆ ಎಣ್ಣೆಯಲ್ಲಿ ಲೋಹದ ಹುಡಿ, ಸುಟ್ಟ ರಾಸಾಯನಿಕಗಳು ಇರುತ್ತವೆ. ಒಡೆದ ಚರ್ಮಕ್ಕೆ ಅದು ಉರಿ, ನೆಕ್ಕಿದರೆ ವಿಷ, ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಚಿಮಿಣಿ ಎಣ್ಣೆಯದ್ದೂ ಇದೇ ಗತಿ. ಈಗಾಗಲೇ ಹಚ್ಚಿದ್ದರೆ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ದ್ರವದಿಂದ ತೊಳೆದು, ನೆಕ್ಕದಂತೆ ನೋಡಿಕೊಂಡು ಆಸ್ಪತ್ರೆಗೆ ಕರೆದೊಯ್ಯಿರಿ.

ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಿಂದೆ ಹಿಮ್ಮಡಿ ಒಡಕಿಗೆ, ಮರಕ್ಕೆ ಗೆದ್ದಲು ಹಿಡಿಯದಂತೆ ಹಚ್ಚುತ್ತಿದ್ದರು. ಪುತ್ತೂರು ಗೇರು ಸಂಶೋಧನೆಗೆ ರಾಷ್ಟ್ರೀಯ ಕೇಂದ್ರವಿರುವ ಊರು. ಹಸಿ ಗೇರುಬೀಜ ಸುಲಿದವರ ಬೆರಳು ಹೇಗೆ ಬೊಬ್ಬೆ ಏಳುತ್ತದೆ ಎಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮನುಷ್ಯರ ಬೆರಳನ್ನು ಸುಡುವ ಆ ಸೊನೆಯನ್ನು ನಾಯಿಯ ಹುಣ್ಣಿಗೆ ಹಚ್ಚುವುದು ಯಾವ ನ್ಯಾಯ?

ಇನ್ನು ಅಡಿಕೆ ಬೆಳೆಗಾರರ ತರ್ಕ: ಬೋರ್ಡೋ ದ್ರಾವಣ ಕೊಳೆರೋಗದ ಶಿಲೀಂಧ್ರವನ್ನೇ ತಡೆಯುತ್ತದೆ, ನಾಯಿಯ ಫಂಗಸ್ ಯಾವ ಲೆಕ್ಕ? ಮೊದಲನೆಯದಾಗಿ ಕೊಳೆರೋಗ ತರುವ ಫೈಟೋಫ್ತೋರಾ ನಿಜವಾದ ಶಿಲೀಂಧ್ರದ ಗುಂಪಿಗೆ ಸೇರಿದ್ದೇ ಅಲ್ಲ. ಎರಡನೆಯದಾಗಿ ಮೈಲುತುತ್ತು ಮತ್ತು ಸುಣ್ಣ ಒಡೆದ ಚರ್ಮವನ್ನು ಇನ್ನಷ್ಟು ಕೆಡಿಸುತ್ತವೆ, ಹೊಟ್ಟೆಗೆ ಹೋದ ತಾಮ್ರ ಯಕೃತ್ತಿಗೆ ಅಪಾಯ. ಮದ್ದು ಬಿಡುವ ದಿನ ನಾಯಿಯನ್ನು ತೋಟಕ್ಕೆ ಬಿಡದೆ ಕಟ್ಟಿಹಾಕುವುದೇ ಒಳ್ಳೆಯದು. ಹಸಿಯಾದ ಸೋಗೆಯ ಮೇಲೆ ಓಡಾಡಿದ್ದರೆ ಕಾಲು ತೊಳೆಯಿರಿ, ಅದು ಪಾದ ನೆಕ್ಕುವ ಮೊದಲೇ. ಹೊಗೆಸೊಪ್ಪಿನ ಕಷಾಯವೂ ಬೇಡ. ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುತ್ತದೆ.

ಹಳಬರ ಮದ್ದೆಲ್ಲ ಸುಳ್ಳು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಗಂಧಕ ನಿಜವಾಗಿಯೂ ಕಜ್ಜಿಯ ನುಸಿಯನ್ನು ಕೊಲ್ಲುತ್ತದೆ, ಗಜಕರ್ಣಕ್ಕೂ ಆಗುತ್ತದೆ. ಸುಣ್ಣ ಮತ್ತು ಗಂಧಕದ ದ್ರಾವಣ ಇಂದಿಗೂ ಪಶುವೈದ್ಯರ ಪಟ್ಟಿಯಲ್ಲಿದೆ. ಅದು ಸರಿಯಾದ ಪ್ರಮಾಣದಲ್ಲಿ ತಯಾರಾದ ಔಷಧ. ಸುಳ್ಯದ ಕಡೆ ರಬ್ಬರ್ ತೋಟಕ್ಕೆಂದು ತಂದಿಟ್ಟ ಗಂಧಕದ ಹುಡಿಯನ್ನು ಅಂದಾಜಿನಲ್ಲಿ ಕಲಸಿ ಹಚ್ಚಿದರೆ ಚರ್ಮ ಸುಡುತ್ತದೆ. ಬೇವಿನ ಎಣ್ಣೆಯೂ ಹೀಗೆಯೇ: ನೀರಾಗಿಸಿ ಹಚ್ಚಿದರೆ ಕೀಟಗಳು ಸ್ವಲ್ಪ ದೂರ ಉಳಿಯಬಹುದು, ಚರ್ಮದೊಳಗಿನ ನುಸಿಗೆ ಅದು ತಟ್ಟುವುದಿಲ್ಲ, ಗಟ್ಟಿ ಎಣ್ಣೆ ಹಚ್ಚಿದರೆ ಕೆಲವು ನಾಯಿಗಳಿಗೆ ಉರಿ ಬರುತ್ತದೆ.

“ದನಕ್ಕೆ ಆಗುವ ಮದ್ದು ನಾಯಿಗೆ ಆಗುವುದಿಲ್ಲವಾ?”

ಹಟ್ಟಿಯ ಕಿಟಕಿಯಲ್ಲಿ ದನದ ಉಣುಗಿನ ಮದ್ದಿನ ಬಾಟಲಿ ಇದ್ದೇ ಇರುತ್ತದೆ. ಅಮಿಟ್ರಾಜ್, ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಇವೆಲ್ಲ ನೀರಿಗೆ ಅಳತೆಯಲ್ಲಿ ಬೆರೆಸಬೇಕಾದ ಗಟ್ಟಿ ದ್ರವಗಳು. ಅಳತೆ ತಪ್ಪಿದರೆ ನಾಯಿ ತೂಕಡಿಸುತ್ತದೆ, ಹೃದಯ ಬಡಿತ ನಿಧಾನವಾಗುತ್ತದೆ, ಇಲ್ಲವೇ ನಡುಕ ಶುರುವಾಗುತ್ತದೆ. ಕೊನೆಯ ಎರಡು ಪೈರೆಥ್ರಾಯ್ಡ್ ಗುಂಪಿನವು; ಅವನ್ನು ಹಚ್ಚಿದ ನಾಯಿಯ ಮೈಗೆ ಒರಗಿ ಮಲಗುವ ಬೆಕ್ಕಿಗೆ ಅದು ಮಾರಕ. ಐವರ್‌ಮೆಕ್ಟಿನ್ ಇನ್ನೂ ಎಚ್ಚರ ಬೇಡುವ ಔಷಧ: ಕೋಲಿ ಮತ್ತು ಅದರ ಸಂಬಂಧಿ ತಳಿಗಳಲ್ಲಿ ಒಂದು ವಂಶವಾಹಿಯ ದೋಷದಿಂದಾಗಿ ಅದು ಮೆದುಳಿಗೆ ನುಗ್ಗಿ ನಾಯಿ ಕುರುಡಾಗಬಹುದು, ಪ್ರಜ್ಞೆ ತಪ್ಪಬಹುದು. ದನಕ್ಕೆಂದು ತಯಾರಾದ ಬಾಟಲಿಯಿಂದ ಮರಿಗೆ ಚುಚ್ಚಿದರೆ ಯಾವ ತಳಿಯಾದರೂ ಅಪಾಯವೇ.

ಈಗ ಫ್ಲೂರಾಲೇನರ್, ಅಫಾಕ್ಸೊಲೇನರ್ ಗುಂಪಿನ ಮಾತ್ರೆಗಳು ಬಂದಿವೆ. ಒಂದು ಮಾತ್ರೆ ಒಂದು ತಿಂಗಳಿಂದ ಮೂರು ತಿಂಗಳವರೆಗೆ ಚಿಗಟ, ಉಣುಗು ಎರಡನ್ನೂ ಕೊಲ್ಲುತ್ತದೆ. ಎರಡೂ ಬಗೆಯ ನುಸಿಗೂ ವೈದ್ಯರು ಇದನ್ನೇ ಬಳಸುತ್ತಾರೆ. ಬೆಲೆ ಹೆಚ್ಚು ನಿಜ. ಆದರೆ ಎಣ್ಣೆ, ಪೌಡರ್, ಸೂಜಿ ಎಂದು ವರ್ಷವಿಡೀ ಚೆಲ್ಲುವ ಹಣ ಕೂಡಿಸಿದರೆ ಅದು ಅಷ್ಟೇನೂ ದುಬಾರಿಯಲ್ಲ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಹೇಳಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಸಿದೆ.

“ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೇ”

ಆ ಇಂಜೆಕ್ಷನ್‌ನ ಪರಿಣಾಮ ಕಣ್ಣಾರೆ ಕಂಡವರು ಅದನ್ನೇ ಕೇಳುವುದು ಸಹಜ. ಸಂಜೆಗೆ ತುರಿಕೆ ನಿಂತಿತು, ನಾಯಿ ನಿದ್ದೆ ಮಾಡಿತು, ಮನೆಯವರೂ ನಿದ್ದೆ ಮಾಡಿದರು. ಅದು ಹೆಚ್ಚಾಗಿ ಸ್ಟಿರಾಯ್ಡ್. ತಕ್ಕ ಕಾರಣಕ್ಕೆ, ತಕ್ಕಷ್ಟು ದಿನ, ವೈದ್ಯರ ಲೆಕ್ಕದಲ್ಲಿ ಕೊಟ್ಟರೆ ಅದು ಒಳ್ಳೆಯ ಔಷಧವೇ. ಕಾರಣ ಹುಡುಕದೆ ಪ್ರತಿ ತಿಂಗಳು ಕೊಟ್ಟರೆ ನಾಯಿ ಬಿಂದಿಗೆಗಟ್ಟಲೆ ನೀರು ಕುಡಿಯುತ್ತದೆ, ಸಿಕ್ಕಲ್ಲೆಲ್ಲ ಮೂತ್ರ ಮಾಡುತ್ತದೆ, ಹಸಿವು ಹೆಚ್ಚುತ್ತದೆ, ಹೊಟ್ಟೆ ಜೋಲುತ್ತದೆ, ಚರ್ಮ ತೆಳ್ಳಗಾಗುತ್ತದೆ. ಸೋಂಕು ಬೇಗ ಹಿಡಿಯುತ್ತದೆ, ಕೆಲವಕ್ಕೆ ಸಕ್ಕರೆ ಕಾಯಿಲೆಯೂ ಬರುತ್ತದೆ. ಡೆಮೊಡೆಕ್ಸ್ ಅಥವಾ ಗಜಕರ್ಣ ಇರುವ ನಾಯಿಗೆ ಕೊಟ್ಟರೆ ಮೂಲ ರೋಗವೇ ಮೈತುಂಬ ಹರಡುತ್ತದೆ. ಬಹಳ ದಿನ ಕೊಟ್ಟ ಸ್ಟಿರಾಯ್ಡ್ ಮಾತ್ರೆಯನ್ನು ಮನೆಯಲ್ಲೇ ತಟ್ಟನೆ ನಿಲ್ಲಿಸಿದರೂ ತೊಂದರೆ, ಮೆಲ್ಲ ಮೆಲ್ಲನೆ ಇಳಿಸಬೇಕು.

ಮೆಡಿಕಲ್ ಅಂಗಡಿಯಲ್ಲಿ ಗಜಕರ್ಣಕ್ಕೆಂದು ಕೇಳಿ ತರುವ ಕ್ರೀಮುಗಳಲ್ಲೂ ಎಷ್ಟೋ ಸಲ ತೀಕ್ಷ್ಣವಾದ ಸ್ಟಿರಾಯ್ಡ್ ಬೆರೆತಿರುತ್ತದೆ. ನಾಯಿ ಅದನ್ನು ಹಚ್ಚಿಸಿಕೊಂಡು ಕೂರುವುದಿಲ್ಲ, ನೆಕ್ಕಿ ತಿನ್ನುತ್ತದೆ.

ಅಲರ್ಜಿ ಎಂದು ಖಚಿತವಾದ ನಾಯಿಗಳಿಗೆ ಬೇರೆ ದಾರಿಗಳಿವೆ. ಓಕ್ಲಾಸಿಟಿನಿಬ್ ಎಂಬ ಮಾತ್ರೆಗೆ 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತುರಿಕೆಯ ಸಂದೇಶವನ್ನೇ ತಡೆಯುವ ಔಷಧ ಅದು, ಒಂದು ವರ್ಷದೊಳಗಿನ ಮರಿಗಳಿಗೆ ಕೊಡುವುದಿಲ್ಲ. ಸೈಕ್ಲೋಸ್ಪೋರಿನ್ ಇನ್ನೊಂದು, ಪರಿಣಾಮ ಕಾಣಲು ವಾರಗಳು ಬೇಕು. ಇವಕ್ಕೂ ವೈದ್ಯರ ಚೀಟಿ ಬೇಕೇ ಬೇಕು.

“ಮೀನು ಕೊಟ್ಟದ್ದೇ ನಂಜಾಯಿತು”

ನಾಯಿಗೆ ಹುಣ್ಣಾದರೆ ಮೊದಲ ಆರೋಪ ಮೀನಿನ ಮೇಲೆ, ಆಮೇಲೆ ಮೊಟ್ಟೆಯ ಮೇಲೆ. ಮಜ್ಜಿಗೆ ಅನ್ನದ ಮೇಲೆ ಯಾರಿಗೂ ಸಂಶಯವಿಲ್ಲ. ನಾಯಿಗಳ ಆಹಾರದ ಅಲರ್ಜಿಯ ಅಧ್ಯಯನಗಳಲ್ಲಿ ಮೊದಲ ಸಾಲಿನಲ್ಲಿ ಕಾಣುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಮೀನು ಅಷ್ಟು ಮುಂದಿಲ್ಲ. ಮುಳ್ಳು ತೆಗೆದು, ಉಪ್ಪು ಖಾರ ಹಾಕದೆ ಬೇಯಿಸಿದ ಬೂತಾಯಿಯಲ್ಲಿ ಚರ್ಮಕ್ಕೆ ಒಳ್ಳೆಯದಾದ ಒಮೇಗಾ-3 ಕೊಬ್ಬು ಇದೆ. ಅದರ ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಅದು ಬೇಡ. ಬರೀ ಗಂಜಿಯಲ್ಲಿ ಬೆಳೆದ ನಾಯಿಯ ರೋಮ ಮಂಕಾಗುವುದಕ್ಕೆ ಪ್ರೋಟೀನ್ ಕೊರತೆಯೇ ಕಾರಣವಾಗಿರಬಹುದು.

ಆಹಾರದ ಅಲರ್ಜಿ ಇದೆಯೇ ಎಂದು ತಿಳಿಯುವ ನಂಬಿಕಸ್ತ ದಾರಿ ಒಂದೇ: ಈವರೆಗೆ ತಿನ್ನದ ಒಂದು ಪ್ರೋಟೀನು, ಅದರ ಜೊತೆ ಒಂದು ಧಾನ್ಯ ಅಥವಾ ಗೆಡ್ಡೆ, ಎಂಟು ವಾರ ಅಷ್ಟೇ. ಆಮೇಲೆ ಹಳೆಯ ಊಟ ಕೊಟ್ಟು ತುರಿಕೆ ಮರಳುತ್ತದೆಯೇ ಎಂದು ನೋಡಬೇಕು. ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುವುದಿಲ್ಲ. ಕೆಲಸಕ್ಕೆ ಬಂದವರು ಕೊಟ್ಟ ಬಿಸ್ಕತ್ತು, ಬೆಕ್ಕಿನ ತಟ್ಟೆಯ ಹಾಲು, ಮಕ್ಕಳು ಎಸೆದ ದೋಸೆಯ ತುಂಡು, ಇವುಗಳಲ್ಲಿ ಯಾವುದಾದರೂ ಒಂದು ಸಾಕು ಪರೀಕ್ಷೆ ಕೆಡಲು. ತೋಟದ ಮನೆಯಲ್ಲಿ ಇದು ಕಷ್ಟದ ಕೆಲಸ ಎಂದು ಒಪ್ಪುತ್ತೇನೆ. ಚೀಲದ ತಿಂಡಿ ಕೊಡುವವರು ಮಳೆಗಾಲದಲ್ಲಿ ಸಣ್ಣ ಚೀಲ ತಂದು, ಗಾಳಿಯಾಡದ ಡಬ್ಬದಲ್ಲಿ ಇಡಿ. ತೆರೆದಿಟ್ಟ ಚೀಲದಲ್ಲಿ ಬೆಳೆಯುವ ನುಸಿಗೇ ಕೆಲವು ನಾಯಿಗಳಿಗೆ ಅಲರ್ಜಿಯಿದೆ.

“ಮಳೆಗಾಲದಲ್ಲಿ ಸ್ನಾನ ಮಾಡಿಸಬಾರದು”

ಮಾಡಿಸಬೇಕು, ಒಣಗಿಸಲೂ ಬೇಕು. ಯೀಸ್ಟ್, ಬ್ಯಾಕ್ಟೀರಿಯಾ ಇರುವ ನಾಯಿಗೆ ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಸಲ ಬಳಸಲು ವೈದ್ಯರು ಹೇಳುವುದಿದೆ. ಹಚ್ಚಿ ಹತ್ತು ನಿಮಿಷ ಬಿಡುವುದೇ ಅದರ ಗುಟ್ಟು. ಕೂಡಲೇ ತೊಳೆದರೆ ದುಡ್ಡು ನೀರಿಗೆ ಹೋದ ಹಾಗೆ. ಆಮೇಲೆ ಬೆರಳ ಸಂದು, ಕಂಕುಳು, ಕಿವಿ, ಕುತ್ತಿಗೆಯ ಬೆಲ್ಟಿನ ಅಡಿಯನ್ನು ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬೆಲ್ಟನ್ನು ರಾತ್ರಿ ಬಿಚ್ಚಿಡಿ. ನಾಯಿಯ ಚರ್ಮದ ಆಮ್ಲೀಯತೆ ನಮ್ಮದಕ್ಕಿಂತ ಕಡಿಮೆ, ಹಾಗಾಗಿ ನಮ್ಮ ಸೋಪು ಅದಕ್ಕೆ ಹೊಂದುವುದಿಲ್ಲ. ಫಿನಾಯಿಲ್ ಅಂತೂ ಖಂಡಿತ ಬೇಡ. ಬಚ್ಚಲ ಒಲೆಯ ಬೂದಿಯಲ್ಲಿ ನಾಯಿ ಮಲಗುವುದು ಬೆಚ್ಚಗಿರುತ್ತದೆಂದು. ಒದ್ದೆ ಮೈಗೆ ಹತ್ತಿದ ಬೂದಿ ಕ್ಷಾರವಾಗಿ ಹುಣ್ಣಿಗೆ ಉರಿ ಕೊಡುತ್ತದೆ. ಅದರ ಬದಲು ನೆಲದಿಂದ ಎತ್ತರದಲ್ಲಿ ಒಂದು ಹಲಗೆ, ಅದರ ಮೇಲೆ ಒಣ ಬಟ್ಟೆ ಹಾಕಿಕೊಡಿ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಹೊಟ್ಟೆಹುಳದ ಮಾತ್ರೆ ಅಗತ್ಯ, ಆದರೆ ಅದು ತುರಿಕೆಯ ಮದ್ದಲ್ಲ. ಕೂದಲುದುರಿದ ನಾಯಿ ಹುಚ್ಚು ನಾಯಿಯೂ ಅಲ್ಲ. ರೇಬೀಸ್ ಇಡೀ ಬೇರೆ ರೋಗ, ಅದಕ್ಕೆ ಪ್ರತಿವರ್ಷ ಲಸಿಕೆ ಹಾಕಿಸಬೇಕು. ಇನ್ನು, ಚರ್ಮರೋಗವೆಂದರೆ ನಾಗದೋಷ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಆಳವಾದದ್ದು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಅದು ಅವರ ಶ್ರದ್ಧೆ. ಮೃತ್ತಿಕೆ ಪ್ರಸಾದವನ್ನು ದೇವರ ಕೋಣೆಯಲ್ಲಿಡಿ, ಕೀವಾದ ಹುಣ್ಣಿನ ಮೇಲೆ ಮಣ್ಣು ಬೇಡ.

“ವಾಸಿಯೇ ಆಗದ ಮೇಲೆ ಇಟ್ಟುಕೊಂಡು ಏನು?”

ತುರಿಕಜ್ಜಿ ವಾಸಿಯಾಗುತ್ತದೆ, ಚಿಗಟ ಹೋಗುತ್ತದೆ, ಗಜಕರ್ಣ ಗುಣವಾಗುತ್ತದೆ. ಹುಟ್ಟುಗುಣವಾಗಿ ಬಂದ ಅಲರ್ಜಿ ಮಾತ್ರ ಜೀವಮಾನವಿಡೀ ಇರುತ್ತದೆ. ಕೊಳೆರೋಗಕ್ಕೆ ಒಂದು ವರ್ಷ ಮದ್ದು ಬಿಟ್ಟು ಇನ್ನು ಜನ್ಮಕ್ಕಾಯಿತು ಎಂದು ಯಾವ ಅಡಿಕೆ ಬೆಳೆಗಾರನೂ ಸುಮ್ಮನಿರುವುದಿಲ್ಲ. ಮಳೆಗೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ, ವರ್ಷ ವರ್ಷವೂ ಬಿಡುತ್ತಾನೆ. ಅಲರ್ಜಿಯ ನಾಯಿಗೂ ಹೀಗೆಯೇ ಮೇ ತಿಂಗಳಲ್ಲೇ ಚಿಗಟದ ಮಾತ್ರೆ, ಶಾಂಪೂ, ಒಣ ಹಾಸಿಗೆಯ ತಯಾರಿ ಬೇಕು. ತುರಿಕೆ ಸೊನ್ನೆಗೆ ಇಳಿಯದಿರಬಹುದು. ರಾತ್ರಿ ನಿದ್ದೆ ಬರುವಷ್ಟು ಇಳಿದರೆ ಅದೇ ಗೆಲುವು. ಬೇಸತ್ತು ಪೇಟೆಯಲ್ಲೋ ಕಾಡಿನಂಚಿನಲ್ಲೋ ಬಿಟ್ಟು ಬರುವುದು ಕ್ರೌರ್ಯ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು.

ಕಡಬ ತಾಲೂಕಿನ ಕೊಯಿಲದ ಪಶುವೈದ್ಯಕೀಯ ಕಾಲೇಜಿನಿಂದ ನಾನು ನಿರೀಕ್ಷಿಸುವುದರಲ್ಲಿ ನಾಯಿಗಳ ಚರ್ಮರೋಗಕ್ಕೊಂದು ವಿಭಾಗವೂ ಸೇರಿದೆ. ಮೂರೂ ತಾಲೂಕುಗಳಿಗೆ ಅದು ಕೈಗೆಟುಕುವ ದೂರ. ಸದ್ಯಕ್ಕೆ ಹತ್ತಿರದ ಪಶು ಆಸ್ಪತ್ರೆಗೆ ಹೋಗುವಾಗ ನಾಲ್ಕು ಸಂಗತಿ ಬರೆದುಕೊಂಡು ಹೋಗಿ. ಯಾವ ತಿಂಗಳಲ್ಲಿ, ಮೈಯ ಯಾವ ಜಾಗದಲ್ಲಿ ಶುರುವಾಯಿತು. ಮೊದಲು ಬಂದದ್ದು ತುರಿಕೆಯೋ ಗುಳ್ಳೆಯೋ. ಮನೆಯಲ್ಲಿ ಬೇರೆ ಯಾರಿಗೆ ತುರಿಕೆ ಇದೆ. ಈವರೆಗೆ ಏನೇನು ಹಚ್ಚಿದ್ದೀರಿ, ಕುಡಿಸಿದ್ದೀರಿ, ಚುಚ್ಚಿಸಿದ್ದೀರಿ. ಕೊನೆಯದನ್ನು ಹೇಳಲು ಬಹಳ ಜನ ಸಂಕೋಚಪಡುತ್ತಾರೆ, ಆದರೆ ಕಳೆದ ವಾರ ಬಿದ್ದ ಸ್ಟಿರಾಯ್ಡ್ ಸೂಜಿಯ ವಿಷಯ ಗೊತ್ತಿಲ್ಲದಿದ್ದರೆ ವೈದ್ಯರು ಚರ್ಮವನ್ನು ನೋಡಿ ಹೇಳುವುದೆಲ್ಲ ತಪ್ಪಾಗಬಹುದು. ಹೋಗುವ ಎರಡು ದಿನ ಮೊದಲಿನಿಂದ ಸ್ನಾನ ಮಾಡಿಸಬೇಡಿ, ಏನನ್ನೂ ಹಚ್ಚಬೇಡಿ. ಚರ್ಮ ಕೆರೆದು ನೋಡುವಾಗ ಇರುವುದು ಇದ್ದ ಹಾಗೆ ಕಾಣಬೇಕು.